ರಾಡ್ ಕೊನೆಗೂ ತಗೊಂಡೆ ಅಪ್ಪ

ಸಿಯಾಟಲ್,
ಭಾನುವಾರ ರಾತ್ರಿ

ಅಪ್ಪ, ಅಮ್ಮ ಇಬ್ರಿಗೂ ನಮಸ್ಕಾರ,

ಹೋದ ವಾರ ಫೋನಲ್ಲಿ ಕೇಳಿದ್ರಲ್ಲ ಅಪ್ಪ, ಒಂದು ಗಾಳದ ಕೋಲು ತಗೊಳ್ಳೋಕೆ ಒಂದು ತಿಂಗಳು ಬೇಕೇನೋ ನಿಂಗೆ ಅಂತ, ಆವಾಗ ಆಫೀಸಿಗೆ ಹೊತ್ತಾಗಿತ್ತು, ಸರಿಯಾಗಿ ಹೇಳೋಕಾಗ್ಲಿಲ್ಲ. ಕಯಾಕಲ್ಲಿ, ಅಂದ್ರೆ ಒಬ್ರೇ ಕೂತು ಹೋಗೋ ಸಣ್ಣ ಕಿರಿದಾದ ದೋಣೀಲಿ, ಸಾಲ್ಮನ್ ಮೀನು ಹಿಡಿಯೋಕೆ ತಗೊಂಡ ರಾಡ್ ಇದು, ಈಗ ಕೂತ್ಕೊಂಡು ಪೂರ್ತಿ ಬರೀತಿದೀನಿ. ಮನೇಲಿ ಗಾಳ ಹಿಡಿದು ಗಂಟೆಗಟ್ಲೆ ಕೂತವರು ನೀವೊಬ್ರೇ, ಬೇರೆ ಯಾರಿಗೆ ಹೇಳಿದ್ರೂ ಇದು ತಲೆಗೆ ಹೋಗಲ್ಲ. ಅಮ್ಮಂಗೂ ಓದಿ ಹೇಳಿ, ನೀರಲ್ಲಿ ಹುಷಾರಾಗಿರ್ತೀಯೇನೋ ಅಂತ ಅಮ್ಮ ಕೇಳಿದ್ದಕ್ಕೆ ಉತ್ತರ ಕೊನೇಲಿದೆ.

ಇಲ್ಲಿ ಸಮುದ್ರ ನೆಲದೊಳಕ್ಕೆ ಉದ್ದಕ್ಕೆ ಚಾಚ್ಕೊಂಡು ಬಂದಿದೆ, ಅದಕ್ಕೆ ಪ್ಯೂಜೆಟ್ ಸೌಂಡ್ ಅಂತಾರೆ. ಉಪ್ಪುನೀರೇ, ಆದ್ರೆ ಎರಡೂ ಕಡೆ ದಡ ಕಾಣುತ್ತೆ. ಸಮುದ್ರದಲ್ಲಿ ಬೆಳೆದ ಸಾಲ್ಮನ್ ಮೊಟ್ಟೆ ಇಡೋಕೆ ತಾನು ಹುಟ್ಟಿದ ಹೊಳೆಗೇ ವಾಪಸ್ ಹೋಗುತ್ತಲ್ಲ, ಹೊಳೆ ಸೇರೋಕೆ ಮುಂಚೆ ಇದೇ ನೀರಲ್ಲಿ ಹಾದು ಹೋಗ್ಬೇಕು. ಅದರಲ್ಲೂ ಬೇರೆ ಬೇರೆ ಜಾತಿ ಇದಾವೆ. ಪಿಂಕ್ ಅನ್ನೋ ಚಿಕ್ಕದು ಇಲ್ಲಿ ಹೆಚ್ಚಾಗಿ ಬರೋದು ಬೆಸ ಸಂಖ್ಯೆಯ ವರ್ಷಗಳಲ್ಲಿ, 2023, 2025 ಹೀಗೆ. ಚಿನೂಕ್ ಅಂತ ದೊಡ್ಡದಿದೆ, 10 ಕೇಜಿ ದಾಟಿದ್ದೂ ಇರುತ್ತೆ. ನಾನು ಹಿಂದೆ ಬಿದ್ದಿರೋದು ಕೋಹೋ, ಸಾಮಾನ್ಯಕ್ಕೆ 3-4 ಕೇಜಿ, ಬೆಳ್ಳಿ ತರ ಹೊಳೆಯುತ್ತೆ, ಗಾಳ ಕಚ್ಚಿದ್ಮೇಲೆ ನೀರಿಂದ ಮೇಲಕ್ಕೆ ಹಾರುತ್ತೆ, ಹೊರಳುತ್ತೆ, ತಲೆ ಕೊಡವುತ್ತೆ, ಒಂದು ಕ್ಷಣ ಸುಮ್ನಿರಲ್ಲ.

ಮೊದ್ಲು ನನ್ ಹತ್ರ ಇದ್ದಿದ್ದು 10 ಅಡಿ 6 ಇಂಚಿನ ರಾಡ್. ಬೋಟಲ್ಲಿ ಹೋಗೋರು ಸಾಲ್ಮನ್‌ಗೆ ಅಷ್ಟುದ್ದದ್ದು ಬಳಸ್ತಾರೆ ಅಂತ ನಾನೂ ಅದನ್ನೇ ತಂದಿದ್ದೆ. ಅವರಿಗೆ ಅದು ಸರಿಯೇ, ನಿಂತಿರ್ತಾರೆ, ಎರಡು ಹೆಜ್ಜೆ ಹಿಂದಕ್ಕೆ ಹೋದ್ರೆ ಮೀನು ಬೋಟಿನ ಪಕ್ಕಕ್ಕೆ ಬರುತ್ತೆ, ಇನ್ನೊಬ್ರು ಬಲೆ ಒಡ್ತಾರೆ. ಕಯಾಕಲ್ಲಿ ನಾನು ಕಾಲು ಚಾಚಿ ಕೂತಿರ್ತೀನಿ, ಒಬ್ನೇ, ನೀರಿಂದ ಒಂದು ಗೇಣು ಮೇಲೆ.

ಜುಲೈ ಕೊನೇಲಿ ಒಂದು ಒಳ್ಳೆ ಕೋಹೋ ಬಿತ್ತು. ಹತ್ತು ನಿಮಿಷ ಆಡಿಸಿ ಹತ್ರ ತಂದೆ, ಬೆನ್ನಿನ ಮೇಲಿರೋ ಕಪ್ಪು ಚುಕ್ಕೆ ಎಣಿಸ್ಬೋದಿತ್ತು ಅಷ್ಟು ಹತ್ರ. ಆದ್ರೆ ರಾಡಿನ ತುದಿ ನನ್ನಿಂದ ಹತ್ತಡಿ ಆಚೆ, ಮೀನು ತುದಿಯ ಕೆಳಗೆ. ಬಲಗೈಲಿ ಬಲೆ ಹಿಡಿದು ಎಡಗೈಲಿ ರಾಡನ್ನ ತಲೆ ಹಿಂದಕ್ಕೆ ತಗೊಂಡು ಹೋದೆ, ಆದ್ರೂ ಮೀನಿಗೂ ಬಲೆಗೂ ಇನ್ನೂ ಮೊಳದಷ್ಟು ಅಂತರ. ಇನ್ನೂ ಹಿಂದಕ್ಕೆ ಬಗ್ಗಿಸಿದೆ, ಅಷ್ಟರಲ್ಲಿ ಮೀನು ತಲೆ ಕೊಡವಿತು, ಲೈನ್, ಅಂದ್ರೆ ಗಾಳದ ದಾರ, ಸಡಿಲ ಆಯ್ತು, ಮೀನು ಹೋಯ್ತು. ಇನ್ನೊಂದು ಸಲ ಹಾಗೇ ಮಾಡಿದಾಗ ರಾಡಿನ ತುದೀನೇ ಟಪ್ ಅಂತ ಮುರೀತು. ರಾಡ್ ನೆಟ್ಟಗೆ ಮೇಲೆತ್ತಿದ್ರೆ ಬುಡದ ಕಡೆಯ ಗಟ್ಟಿ ಭಾಗಕ್ಕೆ ಕೆಲಸವೇ ಇರಲ್ಲ, ಅಷ್ಟೂ ಭಾರ ಆ ಸಣ್ಣ ತುದಿ ಮೇಲೆ ಬೀಳುತ್ತೆ, ಇದನ್ನ ನಾನು ಆಮೇಲೆ ತಿಳ್ಕೊಂಡೆ.

ಅದಕ್ಕೇ ಅಪ್ಪ ಒಂದು ತಿಂಗಳು ಹಿಡೀತು. ಎಷ್ಟು ದೂರ ಎಸೆಯುತ್ತೆ ಅಂತ ನೋಡೋದನ್ನ ಬಿಟ್ಟು, ಕೊನೇ ಒಂದು ಮಾರು ನೀರಲ್ಲಿ ಮೀನನ್ನ ಹೇಗೆ ಕೈಗೆ ತಂದುಕೊಡುತ್ತೆ ಅಂತ ನೋಡೋಕೆ ಶುರು ಮಾಡಿದೆ.

ಇದು ಬರೀ ಮೀನು ತಪ್ಪಿಸ್ಕೊಳ್ಳೋ ಮಾತಲ್ಲ. ಇಲ್ಲಿ ಮರಿಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಹೆಚ್ಚಾಗಿ ಬೆನ್ನ ಮೇಲೆ ಬಾಲದ ಹತ್ರ ಇರೋ ಸಣ್ಣ ರೆಕ್ಕೆ ಕತ್ತರಿಸಿರ್ತಾರೆ, ಅದರಿಂದ ಗುರುತು ಸಿಗುತ್ತೆ. ಹೊಳೇಲಿ ತಾನಾಗೇ ಹುಟ್ಟಿದ ಕಾಡುಮೀನು ಇಟ್ಕೋಬಾರದು ಅಂತಿರೋ ಜಾಗದಲ್ಲಿ ರೆಕ್ಕೆ ಇರೋದು ಸಿಕ್ಕಿದ್ರೆ ಬಿಟ್ಟುಬಿಡ್ಬೇಕು, ದೋಣಿ ಒಳಕ್ಕೂ ಎತ್ತೋ ಹಾಗಿಲ್ಲ, ನೀರಲ್ಲೇ ಗಾಳ ಬಿಡಿಸಿ ಕಳಿಸ್ಬೇಕು. ಹಾಗಾಗಿ ಬೇಗ ಪಕ್ಕಕ್ಕೆ ತರೋಕಾಗ್ಬೇಕು, ಇಲ್ದಿದ್ರೆ ಅದು ಸುಸ್ತಾಗಿ ಬಿಟ್ಟ ಮೇಲೂ ಬದುಕೋದು ಕಷ್ಟ. ಇನ್ನು ಗಾಳಕ್ಕೆ ಮುಳ್ಳು ಇರೋ ಹಾಗಿಲ್ಲ, ಕೊಕ್ಕೆಯ ಒಳಗಿನ ಆ ಹಿಮ್ಮುಳ್ಳು, ಅದನ್ನ ಇಕ್ಕಳದಲ್ಲಿ ಅದುಮಿ ಬಳಸ್ತೀವಿ. ಲೈನ್ ಒಂದು ಕ್ಷಣ ಸಡಿಲ ಆದ್ರೂ ಮೀನು ಕಳಚ್ಕೊಳುತ್ತೆ.

ಹಾಗಂತ ಆರಡಿ ರಾಡ್ ತಗೊಂಡ್ರೆ ಬೇರೆ ತೊಂದ್ರೆ. ಮೀನು ಕಯಾಕಿನ ಅಡೀಲಿ ನುಗ್ಗಿ ಆ ಕಡೆಗೆ ಹೋಗುತ್ತಲ್ಲ, ಆಗ ರಾಡಿನ ತುದಿಯನ್ನ ಕಯಾಕಿನ ಮೂತಿ ಸುತ್ತಿ ಆ ಬದಿಗೆ ತರ್ಬೇಕು. ತುದಿ ಮೂತಿ ದಾಟಿಲ್ಲ ಅಂದ್ರೆ ಲೈನ್ ಕಯಾಕಿನ ತಳಕ್ಕೆ ಉಜ್ಜಿ ಕಟ್ಟಾಗುತ್ತೆ. ನಾನು ಟೇಪ್ ಹಿಡಿದು ಅಳೆದೆ, ಕೂತಲ್ಲಿಂದ ಮೂತಿಗೆ 7 ಅಡಿ ಚಿಲ್ಲರೆ. ಕೈ ಮುಂದಕ್ಕೆ ಚಾಚಿದ್ರೆ 7 ಅಡಿ 6 ಇಂಚಿನ ರಾಡ್ ಆರಾಮಾಗಿ ದಾಟುತ್ತೆ. ಅಲ್ಲಿಗೆ ಉದ್ದ ತೀರ್ಮಾನ ಆಯ್ತು.

ಬಾಗೋ ರೀತಿ ಬಗ್ಗೆ ನಾನು ತುಂಬಾ ತಲೆ ಕೆಡಿಸ್ಕೊಂಡೆ. ಕೆಲವು ರಾಡ್ ತುದಿ ಮಾತ್ರ ಬಾಗುತ್ತೆ, ಕೆಳಗೆ ಸಲಾಕೆ ತರ. ಕೋಹೋ ಬಾಯಿ ಮೆತ್ತಗೆ, ಅಂಥದ್ರಲ್ಲಿ ಎಳೆದ್ರೆ ಬಾಯಿ ಹರಿದು ಗಾಳ ಈಚೆ ಬರುತ್ತೆ. ನಾನು ಹಾಕಿರೋ ಬ್ರೇಡ್ ಲೈನ್, ಅಂದ್ರೆ ಎಳೆ ಹೆಣೆದ ದಾರ ಬೇರೆ ಸ್ವಲ್ಪಾನೂ ಹಿಗ್ಗಲ್ಲ, ಮೀನು ಹಾರಿದಾಗ ಬೀಳೋ ಜರ್ಕ್ ಪೂರ್ತಿ ರಾಡೇ ನುಂಗ್ಬೇಕು. ಅದಕ್ಕೆ ನಡುವಿನವರೆಗೂ ನಿಧಾನಕ್ಕೆ ಬಾಗೋದು ಬೇಕಿತ್ತು, ಮೀಡಿಯಂ ಪವರ್ (ಮಧ್ಯಮ ಗಟ್ಟಿ), ಮಾಡರೇಟ್ ಆಕ್ಷನ್ (ನಡುವಿನವರೆಗೆ ಬಾಗೋದು), 10ರಿಂದ 20 ಪೌಂಡ್ ಎಳೆತ ತಡೆಯೋ ಲೈನಿಗೆ ಅಂತ ರಾಡ್ ಮೇಲೇ ಬರೆದಿರುತ್ತೆ. ಗ್ರಾಫೈಟ್ ಜೊತೆ ಗ್ಲಾಸ್ ಫೈಬರ್ ಸೇರಿಸಿ ಮಾಡಿದ್ದು ತಗೊಂಡೆ. ಬರೀ ಗ್ರಾಫೈಟಿಗಿಂತ ಸ್ವಲ್ಪ ಭಾರ, ಆದ್ರೆ ಹೆಚ್ಚು ಹೊತ್ತು ಅದು ಕಯಾಕಿನ ಹೋಲ್ಡರಲ್ಲೇ ಕೂತಿರುತ್ತೆ, ಕಯಾಕಿನ ಪಕ್ಕಕ್ಕೆ ತಾಗಿದ್ರೂ ಸುಲಭಕ್ಕೆ ಬಿರುಕು ಬಿಡಲ್ಲ.

ತುಂಬಾ ಮೆತ್ತಗಿದ್ರೂ ಆಗಲ್ಲ ಅಪ್ಪ, ಯಾಕಂದ್ರೆ ಗಾಳದ ಮುಂದೆ ಫ್ಲಾಶರ್ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ತೀವಿ, ನೀರಲ್ಲಿ ಸುತ್ತುತ್ತಾ ಮಿಂಚುತ್ತೆ, ಮೀನು ಅದನ್ನ ನೋಡ್ಕೊಂಡು ಬರುತ್ತೆ. ದೊಡ್ಡದು 11 ಇಂಚು, ಅದರ ಎಳೆತಕ್ಕೇ ಮೆತ್ತನೆ ರಾಡ್ ಪೂರ್ತಿ ಬಾಗಿಬಿಟ್ರೆ ಮೀನು ಕಚ್ಚಿದ್ದು ಗೊತ್ತಾಗೋದೇ ಇಲ್ಲ. ಕಯಾಕಿಗೆ ಅಂತ ನಾನು 8 ಇಂಚಿಂದು ಹಾಕ್ತೀನಿ, ನಿಮ್ಮ ಕೈಯ ಒಂದು ಗೇಣಷ್ಟು. ಅದರ ಎಳೆತಕ್ಕೆ ರಾಡಿನ ತುದಿ ಒಂದೇ ಲಯದಲ್ಲಿ ಟಕ್ ಟಕ್ ಅಂತ ತಲೆದೂಗ್ತಿರುತ್ತೆ, ಆ ಲಯ ತಪ್ಪಿತು ಅಂದ್ರೆ ಏನೋ ಇದೆ ಅಂತ.

ಅಂಗಡೀಲಿ ಕೇಳಿ ನೆಲದ ಮೇಲೆ ಕಯಾಕಲ್ಲಿ ಕೂತಂಗೇ ಕಾಲು ಚಾಚಿ ಕೂತೆ, ಲೈಫ್ ಜಾಕೆಟ್ ಹಾಕ್ಕೊಂಡೇ ಹೋಗಿದ್ದೆ. ಗೆಳೆಯ ಲೈನಿನ ತುದಿ ಹಿಡಿದು ಮೀನು ತರ ಎಡಕ್ಕೆ ಬಲಕ್ಕೆ ಎಳೆದ. ಒಂದು ರಾಡ್ ಎಲ್ಲ ಸರಿ ಇತ್ತು, ರೀಲಿನ (ಲೈನ್ ಸುತ್ತೋ ರಾಟೆ) ಹಿಂದಿನ ಹಿಡಿ ಮಾತ್ರ ಉದ್ದ, ತಿರುಗಿಸಿದಾಗೆಲ್ಲ ಜಾಕೆಟ್ಟಿನ ಜೇಬಿಗೆ ಸಿಕ್ಕೊಳ್ತು, ಪಕ್ಕಕ್ಕಿಟ್ಟೆ. ನಾಲ್ಕನೇದು ತಗೊಂಡೆ. ಅದರಲ್ಲಿ ಲೈನನ್ನ ರಾಡಿನುದ್ದಕ್ಕಿಂತ ಸ್ವಲ್ಪ ಕಮ್ಮಿ ಬಿಟ್ಟು ಕೈಯನ್ನ ಪಕ್ಕಕ್ಕೆ, ಹಿಂದಕ್ಕೆ ತಗೊಂಡ್ರೆ ಗೆಳೆಯನ ಮುಷ್ಟಿ ಸೀದಾ ನನ್ನ ಬಲಗೈ ಹತ್ರ ಬಂತು, ರಾಡ್ ನೆಟ್ಟಗೆ ಎತ್ತೋ ಪ್ರಮೇಯವೇ ಬರಲಿಲ್ಲ. ಅಷ್ಟು ಖುಷಿ ಆಯ್ತು ಅಪ್ಪ.

ಅಮ್ಮ, ಈಗ ನಿನ್ನ ಪ್ರಶ್ನೆ. ನೀರು ಬೇಸಿಗೇಲೂ ತಣ್ಣಗೇ ಇರುತ್ತೆ, 13 ಡಿಗ್ರಿ ಆಸುಪಾಸು, ಅದಕ್ಕೆ ಲೈಫ್ ಜಾಕೆಟ್ ಜೊತೆ ನೀರು ಒಳಗೆ ಬರದಿರೋ ಡ್ರೈಸೂಟ್ ಹಾಕ್ಕೊಂಡೇ ಇಳೀತೀನಿ. ಗಾಳಿ ಎದ್ರೆ ಹೋಗಲ್ಲ, ಒಬ್ನೇ ಅಂದ್ರೂ ಗೆಳೆಯನ ಕಯಾಕ್ ಕೂಗಿದ್ರೆ ಕೇಳೋಷ್ಟು ದೂರದಲ್ಲೇ ಇರುತ್ತೆ. ರಾಡಿಗೆ ಒಂದು ಹಗ್ಗ ಕಟ್ಟಿ ಕಯಾಕಿಗೆ ಬಿಗಿದಿದೀನಿ. ಕೈ ಜಾರಿದ್ರೆ ರಾಡ್ ಮುಳುಗಿಬಿಡುತ್ತೆ, ಅದನ್ನ ಹಿಡಿಯೋಕೆ ಬಗ್ಗಿದಾಗ್ಲೇ ಕಯಾಕ್ ಮಗುಚೋದು, ಹಗ್ಗ ಇದ್ರೆ ನಾನು ಬಗ್ಗೋದೇ ಬೇಡ. ದಡಕ್ಕೆ ಬಂದ ಕೂಡ್ಲೇ ಎಲ್ಲಾನೂ ಸಿಹಿನೀರಲ್ಲಿ ತೊಳೀತೀನಿ, ಉಪ್ಪು ಕೂತ್ರೆ ಲೈನ್ ಹೋಗೋ ರಿಂಗು ತುಕ್ಕು ಹಿಡಿಯುತ್ತೆ.

ಅಪ್ಪ, ಒಂದು ಕೇಳೋದಿತ್ತು. ದೊಡ್ಡ ಮೀನು ದಡದ ಹತ್ರ ಬಂದಾಗ ನೀವು ಕೋಲನ್ನ ಮೇಲಕ್ಕೆ ಎತ್ತದೆ ಪಕ್ಕಕ್ಕೆ ಓರೆ ಮಾಡ್ತಿದ್ರಿ, ನಂಗೆ ಚೆನ್ನಾಗಿ ನೆನಪಿದೆ. ಎಷ್ಟು ಓರೆ, ಯಾವಾಗ? ಶನಿವಾರ ಬೆಳಿಗ್ಗೆ ಹೋಗ್ತಿದೀನಿ, ಅಷ್ಟರೊಳಗೆ ಫೋನ್ ಮಾಡಿ.

ನಿಮ್ಮ ಮಗ