ಆ ನೈಟ್ ಡ್ಯೂಟಿ ಸಿಸ್ಟರ್‌ಗೆ

ಮಗಳು ಹುಟ್ಟಿ 9ನೇ ದಿನ, ತೊಡೆ ಮೇಲೆ ನೇರಳೆ ಬಣ್ಣದ ಗಟ್ಟಿ ಊತ. ಮೊದಲು ತೋರಿಸಿದ ಕಡೆ ಹುಟ್ಟುಮಚ್ಚೆ, ತಾನಾಗೇ ಹೋಗತ್ತೆ ಅಂದ್ರು. ಎರಡನೇ ಆಸ್ಪತ್ರೇಲಿ ಸಿಸ್ಟರ್, ನೀವು ಪೆನ್ ತಗೊಂಡು ಊತದ ಸುತ್ತ ಗೆರೆ ಎಳೆದು ಪಕ್ಕದಲ್ಲೇ ಟೈಮ್ ಬರೆದ್ರಿ, ಬೆಳಗಿನ ಜಾವ ಅದು ಗೆರೆ ದಾಟಿದ್ದು ನೋಡಿ ತಕ್ಷಣ ಡಾಕ್ಟರನ್ನ ಎಬ್ಬಿಸಿದ್ರಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಬರೀ 12 ಸಾವಿರ! ರಕ್ತನಾಳದ ಅಪರೂಪದ ಗಡ್ಡೆ, ಪ್ಲೇಟ್‌ಲೆಟ್ಟನ್ನೆಲ್ಲ ಅದೇ ಹಿಡ್ಕೊಳ್ತಿತ್ತಂತೆ, ಕಸಬಾಕ್-ಮೆರಿಟ್ ಅಂತಾರೆ, ಎಂಆರ್‌ಐ ಆಗಿ ಸಿರೊಲಿಮಸ್ ಅನ್ನೋ ಔಷಧಿ ಶುರುವಾಯ್ತು. ನಾನು ಹೊರಗೆ ಬೆಂಚ್ ಮೇಲೆ ನಡುಗ್ತಾ ಕೂತಿದ್ದಾಗ ನಿಮ್ಮ ಫ್ಲಾಸ್ಕಿಂದ ಬಿಸಿ ಹಾಲು ಬಗ್ಗಿಸಿ "ಮೊದ್ಲು ಇದು ಕುಡೀಮ್ಮ, ಮಗೂನ ನಾನು ನೋಡ್ಕೋತೀನಿ" ಅಂದ್ರಲ್ಲ, ಆಮೇಲೇ ನಂಗೆ ಉಸಿರು ಬಂದಿದ್ದು. ಈಗ ಪ್ಲೇಟ್‌ಲೆಟ್ 2 ಲಕ್ಷ ದಾಟಿದೆ, ಗಡ್ಡೆ ಮೆತ್ತಗಾಗಿದೆ. ನಿಮ್ಮ ಹೆಸರು ಕೇಳೋಕೂ ಆಗ್ಲಿಲ್ಲ. ತುಂಬಾ ಥ್ಯಾಂಕ್ಸ್ ಸಿಸ್ಟರ್.