ಪಟ್ಟಿ ಬರೆದವರಿಗೆ, ಬಸ್ಸು ಹತ್ತಿಸಿದವರಿಗೆ

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ತೂಮ್‌ನಲ್ಲಿ ಸೇನೆಗೂ ಅರೆಸೇನಾ ಪಡೆಯಾದ ಆರ್‌ಎಸ್‌ಎಫ್‌ಗೂ ಕಾಳಗ ಶುರುವಾಯಿತು. ಮೇ 5ರಂದು ವಾಯುಪಡೆಯ ಸಿ-130ಜೆ ವಿಮಾನ 47 ಮಂದಿಯನ್ನು ಕರೆತಂದಾಗ, ಭಾರತೀಯರನ್ನು ಕರೆತರಲು ನಮ್ಮ ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯಲ್ಲಿ ಅಲ್ಲಿಂದ ಹೊರಬಂದವರ ಲೆಕ್ಕ 3,862 ಮುಟ್ಟಿತು. ಕೂದಲಿನ ಎಣ್ಣೆ, ಗಿಡಮೂಲಿಕೆ ಮಾರಲು ಹೋಗಿ ಸಿಕ್ಕಿಕೊಂಡಿದ್ದ ನಮ್ಮ ಹಕ್ಕಿಪಿಕ್ಕಿ ಜನರೂ ಅದರಲ್ಲಿದ್ದರು. ವಿದೇಶದಲ್ಲಿ ಸಿಕ್ಕಿಬಿದ್ದವರ ಮನೆಯವರಿಗೆ ಕಾಗದಪತ್ರದಲ್ಲಿ ನೆರವಾಗುವ ನಮ್ಮಂಥವರ ಪರವಾಗಿ ಈ ಕೃತಜ್ಞತೆ.

ಹಡಗು, ವಿಮಾನಗಳ ಚಿತ್ರ ಎಲ್ಲರೂ ನೋಡಿದ್ದಾರೆ. ಅವುಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಂದಿದೆ. ಮೊದಲ ಹಡಗು ಐಎನ್ಎಸ್ ಸುಮೇಧಾ 278 ಮಂದಿಯನ್ನು ಹತ್ತಿಸಿಕೊಂಡದ್ದು ಏಪ್ರಿಲ್ 25ರಂದು. ಅದಕ್ಕೂ ಮುಂಚಿನ ಹತ್ತು ದಿನ ಖಾರ್ತೂಮ್‌ನ ನಮ್ಮ ರಾಯಭಾರ ಕಚೇರಿಯವರು ಮಾಡಿದ ಕೆಲಸಕ್ಕೆ ಚಿತ್ರಗಳಿಲ್ಲ. ಕಚೇರಿಯ ಕಟ್ಟಡಕ್ಕೆ ಹೋಗುವಂತಿರಲಿಲ್ಲ. ಇದ್ದಲ್ಲಿಂದಲೇ, ಫೋನು ಹಿಡಿದು ಕೆಲಸ ನಡೆಸಿದರು. ರಾಯಭಾರ ಕಚೇರಿಯ ಆವರಣ ಯಾರೂ ಮುಟ್ಟಬಾರದ್ದು ಎಂದು 1961ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಬೀದಿಯಲ್ಲಿ ಹಾರುವ ಗುಂಡಿಗೆ ಆ ಒಪ್ಪಂದ ಗೊತ್ತಿಲ್ಲ.

ಮೊದಲ ಕೆಲಸ ಪಟ್ಟಿ. ಸುಡಾನಿನಲ್ಲಿ ಭಾರತೀಯರು ಸುಮಾರು 3,500, ಭಾರತ ಮೂಲದವರು ಇನ್ನೊಂದು ಸಾವಿರ. ಒಂದು ಸಾಲಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಇರುವ ಬಡಾವಣೆ, ಹತ್ತಿರದ ಗುರುತು, ಜೊತೆಗೆ ಎಷ್ಟು ಜನ, ಮಕ್ಕಳಿದ್ದಾರಾ, ದಿನಾ ನುಂಗುವ ಮಾತ್ರೆ ಇದೆಯಾ, ನೀರು ಎಷ್ಟು ದಿನಕ್ಕೆ ಸಾಕು, ಇಷ್ಟೂ ಬೇಕು. ಇಂಥ ಪಟ್ಟಿ ಕೆಡುವುದು ಒಳ್ಳೆಯ ಮನಸ್ಸಿನಿಂದಲೇ. ಅಣ್ಣ ಊರಿನಿಂದ ಹೆಸರು ಕೊಡುತ್ತಾನೆ, ಮಾಲೀಕ ಅಲ್ಲಿಂದ ಕೊಡುತ್ತಾನೆ, ಸಿಕ್ಕಿಕೊಂಡವನೂ ಅರ್ಜಿ ತುಂಬುತ್ತಾನೆ. ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ಥರ ಬರೆದರೆ ಒಬ್ಬನೇ ಮೂವರಾಗುತ್ತಾನೆ. ಮೂರು ಸೀಟು ಹಿಡಿದಿಟ್ಟ ಬಸ್ಸು ಎರಡು ಖಾಲಿ ಸೀಟಿನೊಂದಿಗೆ ಹೊರಡುತ್ತದೆ, ಇನ್ಯಾರೋ ಇಬ್ಬರು ಉಳಿದುಬಿಡುತ್ತಾರೆ. ಆದ್ದರಿಂದ ಹೆಸರನ್ನಲ್ಲ, ಪಾಸ್‌ಪೋರ್ಟ್ ಸಂಖ್ಯೆಯನ್ನು ಹೊಂದಿಸಿ ನೋಡಬೇಕು. ಅದೂ ಇಲ್ಲದಿದ್ದರೆ ಫೋನ್ ಸಂಖ್ಯೆ. ಕರೆಂಟಿಲ್ಲದ ಊರಲ್ಲಿ ಫೋನು ದಿನಕ್ಕೆ ಒಂದೆರಡು ಗಳಿಗೆ ಮಾತ್ರ ಚಾಲೂ ಇರುತ್ತದೆ. ಆ ಗಳಿಗೆಯಲ್ಲೇ ಎತ್ತಿದವರಿಂದ ಎಲ್ಲವನ್ನೂ ಕೇಳಿ ಮುಗಿಸಬೇಕು. ಈ ಬೇಸರದ ಕೆಲಸವನ್ನು ಗುಂಡಿನ ಸದ್ದಿನ ನಡುವೆ ತಾಳ್ಮೆಯಿಂದ ಮಾಡಿದವರಿಗೆ ನಮ್ಮ ಮೊದಲ ನಮಸ್ಕಾರ.

ಎರಡನೆಯದು ರಸ್ತೆ. ಖಾರ್ತೂಮ್‌ನಿಂದ ಹಡಗು ಸಿಗುವ ಬಂದರಾದ ಪೋರ್ಟ್ ಸುಡಾನ್‌ಗೆ ಸುಮಾರು 850 ಕಿಲೋಮೀಟರ್, ಬಸ್ಸಿನಲ್ಲಿ 12ರಿಂದ 18 ಗಂಟೆ. ಏಪ್ರಿಲ್ 24ರ ನಡುರಾತ್ರಿಯಿಂದ ಅಮೆರಿಕ, ಸೌದಿ ಅರೇಬಿಯಾಗಳ ಮಧ್ಯಸ್ಥಿಕೆಯಲ್ಲಿ 72 ಗಂಟೆಯ ಕದನವಿರಾಮ ಸಿಕ್ಕಿತು. ಅಷ್ಟರೊಳಗೆ ಬಸ್ಸು ಗೊತ್ತುಮಾಡಬೇಕು, ಸಿಗದ ಡೀಸೆಲ್ ಹುಡುಕಬೇಕು, ಜನ ಸೇರುವ ಜಾಗ ಗುರುತಿಸಬೇಕು. ಆ ಜಾಗ ವಿಮಾನ ನಿಲ್ದಾಣಕ್ಕೂ ಸೇನೆಯ ಕಟ್ಟಡಕ್ಕೂ ದೂರವಿರಬೇಕು. ಆದರೆ ಮಕ್ಕಳನ್ನು ಎತ್ತಿಕೊಂಡು ನಡೆದೇ ತಲುಪುವಷ್ಟು ಹತ್ತಿರವೂ ಇರಬೇಕು. ಯಾವ ಬಸ್ಸು, ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದನ್ನು ಕಾದಾಡುತ್ತಿರುವ ಎರಡೂ ಕಡೆಗೆ ಮೊದಲೇ ತಿಳಿಸಿಡಬೇಕು. ತಿಳಿಸಿದರೂ ತಪ್ಪುವುದುಂಟು: ಮೇಲಿನವರು ಹೂಂ ಎಂದ ಮಾತು ಚೆಕ್‌ಪೋಸ್ಟಿನಲ್ಲಿ ಬಂದೂಕು ಹಿಡಿದ ಹುಡುಗನಿಗೆ ಮುಟ್ಟಿರುವುದಿಲ್ಲ. ಅಂಥ ಕಡೆ ಬಸ್ಸಿನವರ ಪಾಲಿಗೆ ಇರುವುದು ಫೋನಿನ ಆಚೆ ತುದಿಯಲ್ಲಿ ಅರಬ್ಬಿ ಬಲ್ಲ ಒಬ್ಬ ಅಧಿಕಾರಿ. ವಿದೇಶಾಂಗ ಸೇವೆಗೆ ಸೇರಿದವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು. ಅರಬ್ಬಿ ಆಯ್ದವರನ್ನು ಕೈರೋಗೆ ಕಳಿಸುವುದು ವಾಡಿಕೆ. ಪರೀಕ್ಷೆಗೆಂದು ಕಲಿತ ಆ ಭಾಷೆ ಜೀವ ಉಳಿಸುವುದು ಇಂಥ ಗಳಿಗೆಯಲ್ಲಿ.

ಪೋರ್ಟ್ ಸುಡಾನ್‌ವರೆಗೆ ಬರಲು ದಾರಿಯೇ ಇಲ್ಲದ 121 ಮಂದಿ ಇದ್ದರು, ಒಬ್ಬರು ಗರ್ಭಿಣಿ. ಅವರನ್ನು ಖಾರ್ತೂಮ್‌ನಿಂದ ಸುಮಾರು 40 ಕಿಲೋಮೀಟರ್ ಉತ್ತರದ ವಾಡಿ ಸಯ್ಯಿದ್ನಾ ಎಂಬ ಪಾಳುಬಿದ್ದಂಥ ಓಡುದಾರಿಗೆ ಕರೆದೊಯ್ದರು. ಏಪ್ರಿಲ್ 27ರ ರಾತ್ರಿ. ದೀಪವಿಲ್ಲ, ಇಂಧನವಿಲ್ಲ. ವಾಯುಪಡೆಯ ಪೈಲಟ್‌ಗಳು ಕತ್ತಲಲ್ಲಿ ಕಾಣಿಸುವ ಕನ್ನಡಕ ಹಾಕಿಕೊಂಡು ವಿಮಾನ ಇಳಿಸಿ, ಎಂಜಿನ್ ಆರಿಸದೆ ಜನರನ್ನು ಹತ್ತಿಸಿಕೊಂಡರು. ಅಲ್ಲಿಯ ತನಕ ವಾಹನಗಳ ಸಾಲಿನ ಮುಂದೆ ಹೋದವರು ನಮ್ಮ ರಾಯಭಾರ ಕಚೇರಿಯ ರಕ್ಷಣಾ ಅಟಾಷೆ, ಅಂದರೆ ಅಲ್ಲಿ ಸೇನಾ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ. ದಾರಿಯುದ್ದಕ್ಕೂ ವಾಯುಪಡೆಯ ಜೊತೆ ಮಾತು ಕಡಿಯದಂತೆ ನೋಡಿಕೊಂಡರು. ಅವರಿಗೆ ಏನು ಹೇಳಿದರೂ ಕಡಿಮೆಯೇ.

ಕಾಗದದ ಮಾತು ನಮಗೆ ಹತ್ತಿರದ್ದು. ಎಷ್ಟೋ ಜನರ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ ಇರುತ್ತದೆ, ಮಾಲೀಕ ಊರು ಬಿಟ್ಟಿರುತ್ತಾನೆ. ಆಗ ಕೈಗೆ ಬರುವುದು ಎಮರ್ಜೆನ್ಸಿ ಸರ್ಟಿಫಿಕೇಟ್: ಒಂದು ಫೋಟೊ, ಹೆಸರು, ಹುಟ್ಟಿದ ದಿನ, ಒಂದು ಸಹಿ, ಒಂದು ಮೊಹರು. ಭಾರತಕ್ಕೆ ಒಂದೇ ಪಯಣಕ್ಕೆ ಸಲ್ಲುವ ಕಾಗದ. ಸಹಿ ಹಾಕುವ ಅಧಿಕಾರಿ ಎದುರಿಗಿರುವವರು ಭಾರತೀಯರೇ ಎಂದು ತನ್ನ ಹೊಣೆಯ ಮೇಲೆ ಹೇಳುತ್ತಾನೆ. ಆಧಾರ್ ನಕಲಿಲ್ಲ, ನೆಟ್ ಇಲ್ಲ ಎಂದಾಗ ಊರು, ತಾಲ್ಲೂಕು, ತಂದೆಯ ಹೆಸರು ಕೇಳಿ, ಆಡುವ ಮಾತು ಕೇಳಿ ತೂಗಬೇಕು. ವಾಗ್ರಿ ಬೋಲಿ ಆಡುವ ಹಕ್ಕಿಪಿಕ್ಕಿ ಜನ ಕನ್ನಡದಲ್ಲಿ ಊರಿನ ಹೆಸರು ಹೇಳಿದರೆ ಅದನ್ನು ನಂಬಿ ಬರೆದುಕೊಳ್ಳುವ ಮನಸ್ಸು ಬೇಕು. ಅವರಲ್ಲಿ ಹಲವರಿದ್ದದ್ದು ಇನ್ನೂ ದೂರದ ಡಾರ್ಫರ್ ಸೀಮೆಯ ಅಲ್ ಫಾಶರ್‌ನಲ್ಲಿ. ಇಲ್ಲಿಂದ ಹೆಸರು, ಜಾಗ ಕೂಡಿಸಿ ದೆಹಲಿಗೆ ಮುಟ್ಟಿಸಿದ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದವರಿಗೂ ಋಣಿಗಳು ನಾವು.

ಸುಡಾನಿನಿಂದ ಹೊರಟವರು ಮೊದಲು ತಲುಪಿದ ಸೌದಿಯ ಜೆಡ್ಡಾದ ಭಾರತೀಯ ಶಾಲೆಯಲ್ಲಿ ಹಾಸಿಗೆ, ಊಟ, ಔಷಧಿ ಒದಗಿಸಿದವರಿಗೆ, ಬಾಗಿಲು ತೆರೆದ ಸೌದಿ ಸರ್ಕಾರಕ್ಕೆ ವಂದನೆ. ಇಲ್ಲಿಳಿದ ಮೇಲೆ ಹಳದಿ ಜ್ವರದ ಲಸಿಕೆ ಚೀಟಿ ಇಲ್ಲದವರನ್ನು ಕ್ವಾರಂಟೈನಿಗೆ ಕಳಿಸಿದಾಗ ಮನೆಯವರು ಸಿಟ್ಟಾದರು. ಆ ನಿಯಮ ಸರಿಯಾದದ್ದೇ. ಆ ಜ್ವರ ಹರಡುವ ಸೊಳ್ಳೆ ನಮ್ಮಲ್ಲಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಬೈಗುಳ ಕೇಳಿಯೂ ನಿಯಮ ಪಾಲಿಸಿದ ಆರೋಗ್ಯ ಸಿಬ್ಬಂದಿಗೆ ಕ್ಷಮೆಯೊಂದಿಗೆ ವಂದನೆ.

ಕಚೇರಿಯ ಸ್ಥಳೀಯ ನೌಕರರನ್ನು ಬೇರೆಯಾಗಿಯೇ ನೆನೆಯಬೇಕು. ಚಾಲಕರು, ದುಭಾಷಿಗಳು, ಕಾವಲುಗಾರರು, ಎಲ್ಲ ಆ ನೆಲದವರೇ. ರಾಜತಾಂತ್ರಿಕರಿಗೆ ಸಿಗುವ ರಕ್ಷಣೆ ಆ ದೇಶದ ಪ್ರಜೆಗಳಾದ ನೌಕರರಿಗೆ ವಿಯೆನ್ನಾ ಒಪ್ಪಂದದಲ್ಲಿ ಹಾಗೆಯೇ ಸಿಗುವುದಿಲ್ಲ, ಅವರ ದೇಶ ಕೊಟ್ಟಷ್ಟೇ. ಯಾವ ಬೀದಿ ಇವತ್ತು ತೆರೆದಿದೆ, ಯಾವ ಬಾವಿಯಲ್ಲಿ ನೀರಿದೆ ಎಂದು ಬಲ್ಲವರು ಅಂಥವರೇ. ನಮ್ಮವರು ಬಸ್ಸು ಹತ್ತಿದಾಗ ಅವರ ಮನೆ ಮಕ್ಕಳು ಅದೇ ಊರಲ್ಲಿದ್ದರು. ಅವರ ಅರಬ್ಬಿಯಲ್ಲೇ ಧನ್ಯವಾದ: ಶುಕ್ರನ್.

ಮೇ ತಿಂಗಳ ಮೊದಲ ವಾರದಲ್ಲಿ ರಾಯಭಾರ ಕಚೇರಿಯನ್ನು ತಾತ್ಕಾಲಿಕವಾಗಿ ಪೋರ್ಟ್ ಸುಡಾನ್‌ಗೆ ಸಾಗಿಸಿದರು, ಮುಚ್ಚಲಿಲ್ಲ. ಪಟ್ಟಿಯಲ್ಲಿ ಬರಲೊಪ್ಪದವರು, ತಲೆಮಾರುಗಳಿಂದ ಅಲ್ಲೇ ನೆಲೆಸಿದವರು ಇನ್ನೂ ಇದ್ದರು. ಅವರ ಫೋನು ಎತ್ತಲು ಅಲ್ಲಿ ಕುಳಿತವರಿಗೆ ಈ ನಮಸ್ಕಾರ ತಲುಪಲಿ.