ಮಗಳಿಗೊಂದು ಪತ್ರ: ಬಿಟ್ಟಿ ಗೋಲು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. "ಇಡೀ ಮ್ಯಾಚ್ ಓಡಿದೆ ಅಪ್ಪಾ, ಕಾಲಿಗೆ ಬಾಲೇ ಬರಲಿಲ್ಲ. ಫಾರ್ವರ್ಡ್ ಬೇಡ, ನನ್ನನ್ನ ಮಿಡ್‌ಫೀಲ್ಡಿಗೆ ಹಾಕಿ ಅಂತ ಕೋಚ್ ಹತ್ರ ಕೇಳ್ತೀನಿ" ಅಂದೆ. ಕೇಳು, ಬೇಡ ಅನ್ನುವುದಿಲ್ಲ. ಕೇಳುವ ಮುಂಚೆ ಇದನ್ನು ಓದು. ಫೋನಿನಲ್ಲಿ ಹೇಳಲು ಹೋದರೆ "ಶುರುವಾಯ್ತು ಚೆಟ್ರಿ ಪುರಾಣ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

2023ರ ಜೂನ್ 21. ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಫುಟ್‌ಬಾಲ್ ಪಂದ್ಯಾವಳಿ ಸ್ಯಾಫ್ ಚಾಂಪಿಯನ್‌ಷಿಪ್, ಭಾರತ-ಪಾಕಿಸ್ತಾನ. ಪಾಕಿಸ್ತಾನದವರಿಗೆ ವೀಸಾ ತಡವಾಗಿ, ಆಟದ ದಿನವೇ ಬೆಂಗಳೂರಿಗೆ ಬಂದು ಇಳಿದಿದ್ದರು, ಪಾಪ. ಹತ್ತನೇ ನಿಮಿಷ. ಅವರ ಕಡೆಯವರು ಚೆಂಡನ್ನು ಹಿಂದಕ್ಕೆ, ತಮ್ಮ ಗೋಲ್‌ಕೀಪರ್‌ಗೆ ಕೊಟ್ಟರು. ಇಂಥ ಪಾಸನ್ನು ಒಂದೊಂದು ಆಟದಲ್ಲೂ ಎಷ್ಟೋ ಸಲ ನೋಡುತ್ತೇವೆ. ಕೀಪರ್ ಆರಾಮಾಗಿ ಒದ್ದು ಕಳಿಸುತ್ತಾನೆ, ಹಿಂದೆ ಓಡಿ ಬಂದ ಫಾರ್ವರ್ಡ್ ಸುಮ್ನೆ ವಾಪಸ್ ಹೋಗುತ್ತಾನೆ. ನಮ್ಮ ಫಾರ್ವರ್ಡ್ ಸುನಿಲ್ ಚೆಟ್ರಿಗೆ ಆಗ 38 ವರ್ಷ. ಓಡದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಓಡಿದ. ಕೀಪರ್ ಒದೆಯಲು ಹೋಗಿ ಎಡವಟ್ಟು ಮಾಡಿಕೊಂಡ. ಚೆಟ್ರಿ ಅಲ್ಲೇ ಇದ್ದ. ಖಾಲಿ ಗೋಲಿಗೆ ಚೆಂಡು ತಳ್ಳಿದ, ಅಷ್ಟೇ. ಆಮೇಲೆ ಎರಡು ಪೆನಾಲ್ಟಿ ಸೇರಿ ಹ್ಯಾಟ್ರಿಕ್ ಆಯಿತು, ಭಾರತ 4-0 ಗೆದ್ದಿತು.

ನನ್ನ ಜೊತೆ ನೋಡುತ್ತಿದ್ದ ಆಫೀಸಿನ ಗೆಳೆಯರು ಮೊದಲನೆಯದನ್ನು ಬಿಟ್ಟಿ ಗೋಲು ಅಂದರು. ನನಗೆ ಮಾತ್ರ ಆ ಮೂರರಲ್ಲಿ ಅದೇ ನಿಜವಾದ ಫಾರ್ವರ್ಡ್ ಗೋಲು. ಕೀಪರ್ ಗಾಬರಿಯಾದದ್ದು ಯಾಕೆ? ಎದುರಿಗೆ ಒಬ್ಬ ನುಗ್ಗಿ ಬರುತ್ತಿದ್ದ, ಅದಕ್ಕೆ. ಅಂಥ ಓಟ ಅವನು ಹದಿನೆಂಟು ವರ್ಷ ಓಡಿದ್ದ. ಹೆಚ್ಚಿನ ಸಲ ಏನೂ ಸಿಕ್ಕಿರಲಿಲ್ಲ.

ನಿನ್ನ ಆಟದಲ್ಲೂ ನೋಡು. ನೀನು ಎಡಕ್ಕೆ ಎಳೆದುಕೊಂಡು ಓಡಿದರೆ ನಿನ್ನನ್ನು ಕಾಯುವ ಡಿಫೆಂಡರ್ ಹಿಂದೆಯೇ ಬರಬೇಕು. ಅವಳು ಬಿಟ್ಟ ಜಾಗಕ್ಕೆ ನಿಮ್ಮ ವಿಂಗರ್ ನುಗ್ಗುತ್ತಾಳೆ. ಮೊನ್ನೆ ನಿಮ್ಮ ಎರಡನೇ ಗೋಲು ಬಂದದ್ದು ಹೀಗೇ ಅಲ್ವಾ? ವಿಡಿಯೊದಲ್ಲಿ ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಗೋಲು ಅವಳ ಹೆಸರಿಗೆ ಹೋಯಿತು, ನಿನ್ನ ಓಟ ಯಾವ ಲೆಕ್ಕಕ್ಕೂ ಬರಲಿಲ್ಲ. ಅದು ಬೇಜಾರೇ, ಒಪ್ಪುತ್ತೇನೆ.

ಚೆಟ್ರಿ ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿದ್ದರು, ಹಾಗಾಗಿ ವರ್ಗ ಆದಲ್ಲೆಲ್ಲ ಹೋಗಿ ಬೆಳೆದ ಹುಡುಗ. ಅಮ್ಮ ಸುಶೀಲಾ ಮತ್ತು ಅವರ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು! ಮಗ ಅಮ್ಮನ ಆಟವನ್ನು ಮುಂದುವರಿಸಿದ ಅಂತ ನಮ್ಮ ಕಡೆ ಯಾರಾದರೂ ಬರೆದದ್ದು ನಾನು ಕಂಡಿಲ್ಲ. ಅಪ್ಪಂದಿರ ಹೆಸರು ಮಾತ್ರ ಬೇಗ ಬರುತ್ತದೆ.

2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದ. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಭಾರತಕ್ಕೆ ಮೊದಲ ಆಟ, ಎದುರಿಗೆ ಪಾಕಿಸ್ತಾನವೇ. ಕೈಗೆ ಬಂದ ಜರ್ಸಿಗೆ ಖುಷಿಯಲ್ಲಿ ಪರ್ಫ್ಯೂಮ್ ಹೊಡೆದುಕೊಂಡಿದ್ದೆ ಅಂತ ಅವನೇ ನಿವೃತ್ತಿ ಹೇಳಿದ ವಿಡಿಯೊದಲ್ಲಿ ನೆನೆಸಿಕೊಂಡಿದ್ದ. ನನಗೆ ನಗು ಬಂತು. ನೀನು ಹೊಸ ಸ್ಟಡ್ ಶೂ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆಯಲ್ಲ! ಆ ಮೊದಲ ಆಟದಲ್ಲೇ ಗೋಲು ಹೊಡೆದ. 1-1 ಆಯಿತು.

ಇಷ್ಟು ಎಲ್ಲರಿಗೂ ಗೊತ್ತು. ನಡುವಿನ ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಜೊತೆ ಮೂರು ವರ್ಷದ ಒಪ್ಪಂದ ಆಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇಲ್ಲ ಅನ್ನುವುದು ಕಾರಣ. ಅವನ ಕಾಲಿನಲ್ಲಿ ಏನೂ ತಪ್ಪಿರಲಿಲ್ಲ, ದೇಶದ ರ‍್ಯಾಂಕಿಂಗ್ ಅಡ್ಡ ಬಂತು. ಮರುವರ್ಷ ಅಮೆರಿಕದ ಕ್ಯಾನ್ಸಸ್ ಸಿಟಿ ವಿಝರ್ಡ್ಸ್‌ಗೆ ಹೋದ. ಅಲ್ಲಿ ಲೀಗಿನಲ್ಲಿ ಒಂದು ಆಟವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ. ಅಲ್ಲೂ ಬದಲಿ ಆಟಗಾರನಾಗಿ ಒಂದಿಷ್ಟು ನಿಮಿಷ, ಅಷ್ಟೇ. ಮೂರು ದೇಶಗಳ ಬಾಗಿಲು ತಟ್ಟಿ ವಾಪಸ್ ಬಂದವನು 2013ರಲ್ಲಿ ಬೆಂಗಳೂರಿಗೆ ಬಂದ. ಬೆಂಗಳೂರು ಎಫ್‌ಸಿ ಆಗಷ್ಟೇ ಹುಟ್ಟಿದ ಕ್ಲಬ್. ಆಡಿದ ಮೊದಲ ವರ್ಷವೇ ದೇಶದ ಕ್ಲಬ್‌ಗಳ ಐ-ಲೀಗ್ ಗೆದ್ದಿತು.

2016ರ ಅಕ್ಟೋಬರ್‌ನಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್ ನಿನಗೆ ನೆನಪಿರಲಿಕ್ಕಿಲ್ಲ, ಚಿಕ್ಕವಳು. ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್ ಕಂಠೀರವಕ್ಕೆ ಬಂದಿತ್ತು. ಮೊದಲ ಗೋಲು ಅವರದೇ. ಅರ್ಧ ಸಮಯಕ್ಕೆ ಮುಂಚೆ ಕಾರ್ನರ್ ಬಂದಾಗ ಐದೂವರೆ ಅಡಿ ಚಿಲ್ಲರೆ ಎತ್ತರದ ಚೆಟ್ರಿ ತಲೆ ಕೊಟ್ಟು ಸಮ ಮಾಡಿದ. ಎತ್ತರದವರ ನಡುವೆ ಇವನಿಗೆ ಹೇಗೆ ಸಿಕ್ಕಿತು ಅಂತೀಯಾ? ಅವರು ಎಗರುವ ಹೊತ್ತಿಗೆ ಇವನು ಒಂದು ಹೆಜ್ಜೆ ಮೊದಲೇ ಆ ಜಾಗದಲ್ಲಿರುತ್ತಾನೆ. ಎರಡನೇ ಅರ್ಧದಲ್ಲಿ ಇನ್ನೊಂದು ಹೊಡೆದ. ಕೊನೆಗೆ 3-1. ವೆಸ್ಟ್ ಬ್ಲಾಕಿನ ಅಭಿಮಾನಿ ಹುಡುಗರ ಕೂಗಿಗೆ ಕಿವಿ ಗುಂಯ್ ಅನ್ನುತ್ತಿತ್ತು. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಫೈನಲ್ ಸೋತೆವು, ಇರಾಕಿನ ಕ್ಲಬ್ ಎದುರು 0-1. ಆ ರಾತ್ರಿ ನಿಮ್ಮಮ್ಮ ಊಟ ಬಡಿಸಿಟ್ಟು ಮಲಗಿಬಿಟ್ಟಿದ್ದಳು.

ಒಂದು ಮಾತು ನೇರವಾಗಿ ಹೇಳಬೇಕು. 2024ರಲ್ಲಿ ನಿವೃತ್ತನಾದಾಗ ಭಾರತಕ್ಕೆ ಅವನ ಲೆಕ್ಕ 151 ಆಟ, 94 ಗೋಲು. ರೊನಾಲ್ಡೊ, ಮೆಸ್ಸಿ ಹೆಸರಿನ ಜೊತೆ ಇವನ ಹೆಸರು ಹಾಕಿ ಪೋಸ್ಟರ್ ಮಾಡಿದರು. ನನಗೆ ಆ ಪೋಸ್ಟರ್ ಇಷ್ಟವಾಗಲಿಲ್ಲ. ಇವನ ಎಷ್ಟೋ ಗೋಲು ನಮ್ಮ ನೆರೆಹೊರೆಯ ಚಿಕ್ಕ ತಂಡಗಳ ಎದುರು ಬಂದವು, ಅದು ಸುಳ್ಳಲ್ಲ. ಅದೇ ಹೊತ್ತಿಗೆ ಇನ್ನೊಂದೂ ನಿಜ. ಅವರಿಬ್ಬರಿಗೆ ಚೆಂಡು ತಲುಪಿಸಲು ಜಗತ್ತಿನ ದೊಡ್ಡ ದೊಡ್ಡ ಆಟಗಾರರಿದ್ದರು. ಇವನು ಚೆಂಡು ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಓಡಿದವನು. ಹೋಲಿಕೆ ಬಿಟ್ಟರೆ ಆ 94 ಇನ್ನೂ ಚೆನ್ನಾಗಿ ಕಾಣುತ್ತದೆ.

ಹುಡುಗಿಯರ ಕಥೆ ಹೇಳಲಿಲ್ಲ ಅಂತ ಮುನಿಸಿಕೊಳ್ಳಬೇಡ. ಮಣಿಪುರದ ಬಾಲಾ ದೇವಿ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು, ಮಣಿಪುರ ಪೊಲೀಸ್‌ನಲ್ಲಿ ನೌಕರಿ. 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದಳು, 10ನೇ ನಂಬರಿನ ಜರ್ಸಿ. ಆ ಕ್ಲಬ್ಬಿಗೂ ನಮ್ಮ ಬೆಂಗಳೂರು ಎಫ್‌ಸಿಗೂ ಇದ್ದ ನಂಟು ಅದಕ್ಕೆ ದಾರಿ ಮಾಡಿತು. ಹೋದ ಸ್ವಲ್ಪ ದಿನಕ್ಕೆ ಕೊರೊನಾ, ಆಟವೇ ನಿಂತಿತು. ಪರಊರು, ಚಳಿ, ಒಬ್ಬಳೇ. ಮೊದಲ ಗೋಲು ಬಂದದ್ದು ಡಿಸೆಂಬರ್‌ನಲ್ಲಿ, ಮದರ್‌ವೆಲ್ ಎದುರು. ನೀನು ಒಂದು ಪಂದ್ಯಕ್ಕೆ ಮುಖ ಊದಿಸಿಕೊಂಡಿದ್ದೀಯ.

ಚೆಟ್ರಿಯ ಬೀಳ್ಕೊಡುಗೆ ಪಂದ್ಯ 2024ರ ಜೂನ್ 6ರಂದು, ಕೋಲ್ಕತ್ತದಲ್ಲಿ ಕುವೈತ್ ಎದುರು. ಸಿನಿಮಾದಲ್ಲಾಗಿದ್ದರೆ ಕೊನೆ ನಿಮಿಷದಲ್ಲಿ ಗೋಲು ಹೊಡೆಯುತ್ತಿದ್ದ. ಆದದ್ದು 0-0. ಮಾರನೇ ವರ್ಷ ಮಾರ್ಚ್‌ನಲ್ಲಿ ಕೋಚ್ ಕರೆದರು ಅಂತ 40ನೇ ವಯಸ್ಸಿನಲ್ಲಿ ಮತ್ತೆ ಬಂದ. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರು ಎಡಗಡೆಯಿಂದ ಬಂದ ಕ್ರಾಸ್‌ಗೆ ತಲೆ ಕೊಟ್ಟ. 95ನೇ ಗೋಲು.

ಕೋಚ್ ಹತ್ತಿರ ಮಾತಾಡಿದ ಮೇಲೆ ಏನಂದರು ತಿಳಿಸು. ಮಿಡ್‌ಫೀಲ್ಡಿಗೆ ಹಾಕಿದರೂ ನನಗೇನೂ ಬೇಜಾರಿಲ್ಲ, ನಿಜವಾಗಿ. ಸ್ಟಡ್ ಸವೆದಿದ್ದರೆ ಹೇಳು, ಹೊಸ ಶೂ ತೆಗೆಸಿ ಕಳಿಸುತ್ತೇನೆ. ಮೆಸ್‌ನಲ್ಲಿ ಸರಿಯಾಗಿ ಊಟ ಮಾಡು, ಮೊಟ್ಟೆ ಬಿಡಬೇಡ.

ನಿನ್ನ ಅಪ್ಪ